ಸ್ಕಾಟ್ಲೆಂಡ್ ಪೊರ್ಬುಗಳ ಎರಡು ಚಮಚ

ಪ್ರತಿ ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಪೊರ್ಬುಗಳು ಜಗಲಿಯ ಕಂಬಕ್ಕೆ ತೂಗುಹಾಕಿದ ಅಂಗೈಯಗಲದ ಕನ್ನಡಿಯೆದುರು ನಿಂತು ಮೂಗಿನೊಳಗಿನ ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಅದಕ್ಕೆಂದೇ ತುದಿ ಬಾಗಿದ ಪುಟ್ಟ ಕತ್ತರಿಯೊಂದಿತ್ತು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಎಡಗೈ ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ, ಉಸಿರು ಹಿಡಿದು ಆ ಕೆಲಸ ಮಾಡುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ರಸ್ತೆಯಲ್ಲಿ ಹೋಗುವವರು ನೋಡಿ ನಕ್ಕರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ.

"ದಾರಿ ಕ್ಲೀನ್ ಇರ್ಬೇಕು ಮಾರಾಯ್ತಿ," ಎಂದು ನನಗೆ ಹೇಳುತ್ತಿದ್ದರು. "ದಾರಿಯಲ್ಲಿ ಬಲ್ಲೆ ಪೊದೆ ಬೆಳೆದ್ರೆ ಮನೆಗೆ ಯಾರು ಬರ್ತಾರೆ?"

ಪೈವಳಿಕೆಯಲ್ಲಿ ಅವರ ಮನೆ ನಮ್ಮ ಮನೆಯಿಂದ ಎರಡು ಹಿತ್ತಿಲು ಆಚೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರನ್ನು ನಮ್ಮ ತುಳುವರು ಪೊರ್ಬುಗಳು ಎಂದೂ ಅವರ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ನಮ್ಮ ಕಡೆ ಅಂಥವರ ಮನೆಗಳು ಹಲವು ಇದ್ದವು. ಗುರುತಿಗೆ ಒಬ್ಬರು ಸೋಡಾ ಪೊರ್ಬುಗಳು, ಇನ್ನೊಬ್ಬರು ಟೈಲರ್ ಪೊರ್ಬುಗಳು, ಇವರು ಸ್ಕಾಟ್ಲೆಂಡ್ ಪೊರ್ಬುಗಳು. ಹತ್ತೊಂಬತ್ತು ವರ್ಷ ಸ್ಕಾಟ್ಲೆಂಡಿನ ಒಂದು ಬಿಯರು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದು ಊರಿಗೆ ಬಂದವರು ಎಂಬುದು ಬಸ್ಸಿನ ಕಂಡಕ್ಟರನಿಗೂ ಗೊತ್ತಿದ್ದ ವಿಷಯ. ತುಪ್ಪದಲ್ಲಿ ಡಾಲ್ಡಾ ಬೆರೆಸಿದ್ದಾರೋ, ಜೇನು ಅಸಲಿಯೋ, ಓಲೆಬೆಲ್ಲಕ್ಕೆ ಸಕ್ಕರೆ ಸೇರಿಸಿದ್ದಾರೋ ಎಂದು ತಿಳಿಯಬೇಕಾದವರು ಅವರ ಜಗಲಿಗೆ ಬರುತ್ತಿದ್ದರು. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದವರು ಒಮ್ಮೆ ಬಡಿಸುವವನ ಕೈ ಹಿಡಿದು, "ಪಾಯಸದ ಅಡಿ ಹಿಡಿದಿದೆ, ಸೌಟು ಕೆಳಗೆ ಹಾಕ್ಬೇಡ," ಎಂದರಂತೆ. ಅಡುಗೆಯವರು ಹೋಗಿ ನೋಡಿದರೆ ನಿಜವಾಗಿಯೂ ತಳ ಹಿಡಿಯಲು ಆಗಷ್ಟೇ ಶುರುವಾಗಿತ್ತು.

ನಾನು ಆಗ ಮಂಗಳೂರಿನ ಒಂದು ಹಣ್ಣಿನ ರಸದ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತೈದು ದಾಟಿತ್ತು. ಗೇರುಹಣ್ಣಿನ ರಸದ ಒಂದು ಬ್ಯಾಚಿನಲ್ಲಿ ಏನೋ ದೋಷವಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಒಂದು ಬಾಟಲಿಯನ್ನು ಮನೆಗೆ ತಂದು, ತಮಾಷೆಗೆಂದೇ ಪೊರ್ಬುಗಳಿಗೆ ಕೊಟ್ಟೆ. ಅವರು ಕುಡಿಯಲಿಲ್ಲ. ಮುಚ್ಚಳ ತೆಗೆದು ಮೊದಲು ಮುಚ್ಚಳವನ್ನು ಮೂಸಿದರು, ಆಮೇಲೆ ಬಾಟಲಿಯನ್ನು.

"ರಸಕ್ಕೆ ಎಂತ ಸಹ ಆಗ್ಲಿಲ್ಲ. ಮುಚ್ಚಳದ ಒಳಗಿನ ರಬ್ಬರು ಹೊಸ ಕಡೆಯದ್ದು. ಬಿಸಿ ಇರುವಾಗಲೇ ಮುಚ್ಚಿದ್ದಾರೆ."

ಮುಚ್ಚಳ ತಯಾರಿಸುವವರನ್ನು ಬದಲಾಯಿಸಿ ಒಂದು ತಿಂಗಳಾಗಿತ್ತು ಎಂಬುದು ಮರುದಿನ ಕಂಪನಿಯಲ್ಲಿ ವಿಚಾರಿಸಿದಾಗ ಗೊತ್ತಾಯಿತು. ಅದರ ಮುಂದಿನ ಭಾನುವಾರ ನಾನು ಅವರ ಮನೆಗೆ ಹೋಗಿ, ನನಗೆ ಕಲಿಸಿಕೊಡಿ ಎಂದೆ. ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿ, ಕಣ್ಣು ತಗ್ಗಿಸಿ, ಬರುವ ಭಾನುವಾರ ಬಾ ಎಂದರು. ಆಗ ಅದನ್ನು ಗುರುಗಳ ಗಾಂಭೀರ್ಯ ಎಂದುಕೊಂಡಿದ್ದೆ.

ಪಾಠ ಪ್ರತಿ ಭಾನುವಾರ ಮಧ್ಯಾಹ್ನ, ಊಟ ಕರಗಿದ ಮೇಲೆ, ಚಹಾಕ್ಕೆ ಮೊದಲು. ಮೊದಲ ಆರು ತಿಂಗಳು ಒಂದು ಹನಿಯನ್ನೂ ಬಾಯಿಗೆ ಹಾಕಲು ಬಿಡಲಿಲ್ಲ. ಅವರ ಹೆಂಡತಿ ಬಾಯಮ್ಮ ಇಗರ್ಜಿಯ ಪೂಜೆಗೆ ತಲೆಗೆ ಹೊದೆಯುವ ವಸ್ತ್ರವನ್ನು ಪೊರ್ಬುಗಳು ನನ್ನ ಕಣ್ಣಿಗೆ ಕಟ್ಟಿ, ಒಂದೊಂದೇ ವಸ್ತುವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಹೊಸ ಕೊಪ್ಪರ, ಎಂದರೆ ಒಣಕೊಬ್ಬರಿ; ಹಳೆ ಕೊಪ್ಪರ. ತೆಂಗಿನಕಾಯಿಯ ಹಸಿ ಗೆರಟೆ, ಸುಟ್ಟ ಗೆರಟೆ, ಸುಟ್ಟು ನೀರು ಹಾಕಿದ ಗೆರಟೆ. ಬಾವಿಯ ಒದ್ದೆ ಹಗ್ಗ. ಅಜ್ಜಿಯ ಕಾಲದ ಪೆಟ್ಟಿಗೆಯ ಒಳಮೈ. ಖರ್ಜೂರವನ್ನು ಹಿಸುಕಿ ಎರಡು ದಿನ ಇಟ್ಟದ್ದು.

"ಹೆಸರು ಹೇಳು."

"ಸುಟ್ಟದ್ದು ಏನೋ."

"ಏನೋ ಅಂತ ಒಂದು ವಸ್ತು ಉಂಟಾ ಲೋಕದಲ್ಲಿ? ನಾಲಗೆ ಹಸಿವಿಗೆ ಸುಳ್ಳು ಹೇಳ್ತದೆ ಮಗಾ, ಮೂಗು ಹೇಳುದಿಲ್ಲ. ಅವಸರ ಮಾಡ್ಬೇಡ. ಅದು ತನ್ನ ಹೆಸರನ್ನು ತಾನೇ ಹೇಳುವವರೆಗೆ ಕಾಯಿ."

ಅವರ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು. ಪಾಠ ಮಾತ್ರ ಕನ್ನಡದಲ್ಲಿ. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ನಾನು ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆರು ತಿಂಗಳಾಗುವಾಗ ರೈಲಿನಲ್ಲಿ ಪಕ್ಕ ಕೂತವರು ಬೆಳಿಗ್ಗೆ ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ್ದಾರೆಂದು ನನಗೆ ಗೊತ್ತಾಗತೊಡಗಿತ್ತು. ಕಂಪನಿಯಲ್ಲಿ ಮಾದರಿ ನೋಡಲು ಮೊದಲು ನನ್ನನ್ನೇ ಕರೆಯುತ್ತಿದ್ದರು. ಅಷ್ಟು ದೊಡ್ಡ ಸಂತೋಷ ಅದಕ್ಕೆ ಮೊದಲು ನನಗೆ ಆಗಿರಲಿಲ್ಲ.

ಆ ಹೊತ್ತಿಗೆ ಗೋವಾದ ಒಂದು ಸಣ್ಣ ಬಿಯರು ತಯಾರಕರ ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. ಅವರು ಗಟ್ಟಿ ಏಲನ್ನು, ಎಂದರೆ ಬಿಯರಿನಲ್ಲೇ ಕಪ್ಪಗೆ ಮಂದವಾಗಿ, ಬಲವಾಗಿ ಇರುವ ಒಂದು ಜಾತಿಯನ್ನು, ವಿಸ್ಕಿ ಇಟ್ಟು ಖಾಲಿ ಮಾಡಿದ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುವ ಕೆಲಸ ಶುರು ಮಾಡಿದ್ದರು. ರುಚಿ ಪರೀಕ್ಷಕರು ಬೇಕಾಗಿದ್ದರು. ಪ್ರಕಟಣೆಯನ್ನು ಪೊರ್ಬುಗಳಿಗೆ ಓದಿ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು.

"ಇದು ನನ್ನ ಕೆಲಸ ಅಲ್ವಾ? ನಾನು ಮಾಡ್ತಿದ್ದದ್ದು ಇದೇ."

ಅಂದೇ ಮಂಚದಡಿಯಿಂದ ಒಂದು ಮರದ ಪೆಟ್ಟಿಗೆ ಹೊರಬಂತು. ಅದರಲ್ಲಿ ಗಾಢ ಕಂದು ಬಣ್ಣದ, ಬಾಯಿಗೆ ಮೇಣ ಹಾಕಿದ ನಾಲ್ಕು ಬಾಟಲಿಗಳು. ತಾನು ಊರಿಗೆ ಹೊರಡುವಾಗ ನೆಲಮಾಳಿಗೆಯ ಮುದುಕ ಯಜಮಾನ ಕೊಟ್ಟದ್ದು ಎಂದರು. ಒಂದರ ಮೇಣ ಕೆತ್ತಿ, ಪುಟ್ಟ ಗ್ಲಾಸಿಗೆ ಚಮಚದಲ್ಲಿ ಅಳೆದು ಎರಡೇ ಚಮಚ ಹಾಕಿ ನನ್ನ ಮುಂದಿಟ್ಟರು. ಆ ದಿನದಿಂದ ಮುಂದಿನ ಒಂದು ವರ್ಷ, ಪ್ರತಿ ಭಾನುವಾರ ಎರಡು ಚಮಚ. ಅದರ ಜೊತೆಗೆ ಕತೆ. ಕಲ್ಲು ಹಾಸಿದ ತಣ್ಣಗಿನ ನೆಲಮಾಳಿಗೆ. ಸಾಲಾಗಿ ಮಲಗಿಸಿದ ಪೀಪಾಯಿಗಳು. ಹತ್ತು ವರ್ಷ ವಿಸ್ಕಿ ಕುಡಿದು ಕೂತ ಮರ, ಏಲನ್ನು ಒಳಗೆ ಹಾಕಿದಾಗ ತಾನು ಕುಡಿದದ್ದನ್ನು ಹೇಗೆ ಮೆಲ್ಲಗೆ ಬಿಟ್ಟುಕೊಡುತ್ತದೆ ಎಂಬುದು. ಮುದುಕ ಯಜಮಾನ ಬೆರಳ ಗೆಣ್ಣಿನಿಂದ ಪೀಪಾಯಿಯನ್ನು ತಟ್ಟಿ, ಶಬ್ದದಿಂದಲೇ ಇದು ಆಗಿದೆ, ಇದು ಆಗಿಲ್ಲ ಎಂದು ಹೇಳುತ್ತಿದ್ದುದು. ಹೇಳುವಾಗ ಪೊರ್ಬುಗಳ ದನಿ ತಗ್ಗುತ್ತಿತ್ತು. ಬಾಯಮ್ಮ ಆ ಹೊತ್ತಿಗೆ ಎದ್ದು ಹಿತ್ತಿಲ ಕಡೆ ಹೋಗುತ್ತಿದ್ದರು.

"ಮೊದಲು ವಿಸ್ಕಿ ಬರ್ತದೆ, ಅದನ್ನು ಬಿಟ್ಟುಬಿಡು. ಅದರ ಹಿಂದೆ ಸುಟ್ಟ ಬೆಲ್ಲ. ಅದರ ಹಿಂದೆ ಕೊಪ್ಪರ. ಈ ಮೂರು ಇದ್ರೆ ಅದು ಬ್ಯಾರೆಲಿನದ್ದು. ಇಲ್ಲದ್ರೆ ಅಲ್ಲ. ಬರ್ಕೊ."

ಬರೆದುಕೊಂಡೆ. ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಒಂದು ಸಂಶಯ ಬರಬೇಕಿತ್ತು. ತೆರೆದ ಬಾಟಲಿಯ ಬಿಯರು ನಾಲ್ಕು ದಿನದಲ್ಲಿ ಕೆಡುತ್ತದೆ. ಇದು ವಾರಗಟ್ಟಲೆ ಒಂದೇ ಥರ ಇರುತ್ತಿತ್ತು. ಕೇಳಿದ್ದೆ ಕೂಡ. "ಇದು ವಿಸ್ಕಿಯ ಮಗು, ಕೆಡುದಿಲ್ಲ," ಎಂದರು. ವರ್ಷವಾದರೂ ತೆರೆದ ಬಾಟಲಿಗಳ ಮಟ್ಟ ತಗ್ಗಲಿಲ್ಲ. ನಾನು ಲೆಕ್ಕ ಹಾಕಲಿಲ್ಲ. ಗುರು ಸುರಿಯುವುದನ್ನು ಯಾರು ಅಳೆದು ನೋಡುತ್ತಾರೆ?

ಮನೆಯಲ್ಲಿ ಅಮ್ಮನಿಗೆ ಇದು ಬೆಂಕಿ. ಬೀಡಿ ಕಟ್ಟುತ್ತಾ, ನನ್ನ ಕಡೆ ನೋಡದೆ ಮಾತಾಡುತ್ತಿದ್ದರು. "ನಿನ್ನ ಅಜ್ಜ ನಲವತ್ತು ವರ್ಷ ಮರ ಹತ್ತಿ ಕಳ್ಳು ಇಳಿಸಿದವರು. ಒಂದು ದಿನ ತಾನು ಇಳಿಸಿದ್ದನ್ನು ಬಾಯಿಗೆ ಇಟ್ಟವರಲ್ಲ. ನೀನು ಹೆಣ್ಣಾಗಿ ಇದನ್ನು ಕಲಿಲಿಕ್ಕೆ ಹೋಗುದಾ?" ಪೊರ್ಬುಗಳೇ ನಮ್ಮ ಮನೆಗೆ ಬಂದು ಅಮ್ಮನ ಎದುರು ಕೂತು ಹೇಳಿದರು: "ಇವಳು ಕುಡಿಲಿಕ್ಕೆ ಹೋಗುದಲ್ಲ ಅಕ್ಕ. ಡಾಕ್ಟ್ರು ನಾಡಿ ನೋಡ್ತಾರಲ್ಲ, ಹಾಗೆ. ನನ್ನ ಮಾತಿನ ಮೇಲೆ ಕಳಿಸಿ." ಅವರ ಮಾತಿನ ಮೇಲೆಯೇ ಅಮ್ಮ ಸುಮ್ಮನಾದರು.

ವರ್ಷ ಕಳೆದು ಗೋವಾದವರು ಮತ್ತೆ ಪ್ರಕಟಣೆ ಹಾಕಿದಾಗ ಅರ್ಜಿ ಕಳಿಸಿದೆ. ಪರೀಕ್ಷೆಗೆ ಕರೆ ಬಂದಾಗ ಕಂಪನಿಯಲ್ಲಿ ರಜೆ ಸಿಗಲಿಲ್ಲ. ಹೋಗುವುದಿದ್ದರೆ ಕೆಲಸ ಬಿಟ್ಟೇ ಹೋಗಬೇಕು ಎಂಬ ಪರಿಸ್ಥಿತಿ. ಪೊರ್ಬುಗಳ ಹತ್ತಿರ ಕೇಳಿದೆ. ಅವರು ಹಿಂದೆ ಮುಂದೆ ನೋಡದೆ, "ಬಿಡು. ನಿನ್ನ ಮೂಗನ್ನು ನೋಡಿದ ಮೇಲೆ ಅವರು ನಿನ್ನನ್ನು ವಾಪಸು ಕಳಿಸುದಿಲ್ಲ," ಎಂದರು. ರಾಜೀನಾಮೆ ಕೊಟ್ಟೆ. ಹೊರಡುವ ಬೆಳಿಗ್ಗೆ ಅವರು ಬಸ್ಸಿನ ತನಕ ಬಂದಿದ್ದರು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಏನೋ ಹೇಳಲು ಬಾಯಿ ತೆರೆದರು. ಕಂಡಕ್ಟರ್ ಬೆಲ್ಲು ಹೊಡೆದ. ಆಶೀರ್ವಾದ ಮಾಡಲು ಬಂದದ್ದು ಎಂದುಕೊಂಡೆ.

ಗೋವಾದಲ್ಲಿ ಪರೀಕ್ಷೆ ನಡೆಸಿದವರು ಬೆಳಗಾವಿ ಕಡೆಯ ಹೆಂಗಸು, ಅಲ್ಲಿನ ಮುಖ್ಯ ತಯಾರಕಿ. ನಾನು ಕನ್ನಡದವಳೆಂದು ತಿಳಿದು ಕನ್ನಡದಲ್ಲೇ ಮಾತಾಡಿದರು. ಬಿಳಿ ಮೇಜಿನ ಮೇಲೆ ಐದು ಗ್ಲಾಸು, ಒಂದರಿಂದ ಐದರ ತನಕ ನಂಬರು. ಪ್ರತಿಯೊಂದರಲ್ಲಿ ಏನಿದೆ, ಹೇಗಿದೆ, ಯಾವುದು ಪೀಪಾಯಿಯಲ್ಲಿ ಮಾಗಿದ್ದು ಎಂದು ಬರೆಯಬೇಕು. ನಾಲ್ಕನೆಯದನ್ನು ಮೂಗಿನ ಹತ್ತಿರ ತಂದ ಕೂಡಲೇ ನನಗೆ ಪೊರ್ಬುಗಳ ಜಗಲಿಯ ನೆನಪಾಯಿತು. ವಿಸ್ಕಿ, ಸುಟ್ಟ ಬೆಲ್ಲ, ಕೊಪ್ಪರ. ಖುಷಿಯಿಂದ, ಇದೇ ಅಸಲಿ, ಬಹಳ ಉತ್ತಮ ದರ್ಜೆಯದ್ದು ಎಂದು ಬರೆದೆ. ಎರಡನೆಯದರಲ್ಲಿ ವಿಸ್ಕಿ ಎಲ್ಲೋ ದೂರದಲ್ಲಿ ಇತ್ತು. ಮುಂದೆ ಇದ್ದದ್ದು ಮರದ ಒಗರು, ಹಳೆ ಪೆಟ್ಟಿಗೆ, ಅಡಿಯಲ್ಲಿ ಒಂದು ಸಣ್ಣ ಹುಳಿ. ಪೀಪಾಯಿ ಸರಿಯಾಗಿ ತೊಳೆದಿಲ್ಲ, ಹಾಳಾಗಿದೆ, ಮಾರಲು ಯೋಗ್ಯವಲ್ಲ ಎಂದು ಬರೆದೆ.

ಅವರು ನನ್ನ ಕಾಗದವನ್ನು ಎರಡು ಸಲ ಓದಿದರು.

"ನಾಕನೇದ್ದು ನಾನೇ ಇವತ್ತ ಮುಂಜಾನಿ ಅಡಗಿಮನ್ಯಾಗ ಕಲಸೀನಿ," ಎಂದರು. "ಪ್ಯಾಟಿ ಸ್ಟ್ರಾಂಗ್ ಬಿಯರಿಗೆ ವಿಸ್ಕಿ ಹೊಯ್ದು, ಬೆಲ್ಲದ ಪಾಕ ಹಾಕಿ, ಕೊಬ್ರಿ ಎಸೆನ್ಸ್ ಬಿಟ್ಟೀನಿ. ಮೋಸ ಹಿಡಿಲಿಕ್ಕೆ ಇಡೋ ಗ್ಲಾಸ್ ಅದು. ಎರಡನೇದ್ದು ನಮ್ಮ ಎರಡು ವರ್ಷದ ಬ್ಯಾರೆಲ್. ನಮ್ಮಲ್ಲಿ ಅದಕ್ಕಿಂತ ಛಲೋ ಯಾವುದೂ ಇಲ್ಲ."

ಅವರು ನಿಂದಿಸುವ ದನಿಯಲ್ಲಿ ಮಾತಾಡಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

"ನಿಮ್ಮ ಮೂಗು ಭಾಳ ಛಲೋ ಐತಿ. ಎರಡೂ ಗ್ಲಾಸಿನಾಗ ಏನೇನೈತಿ ಅಂತ ಒಂದೂ ಬಿಡದ ಬರ್ದೀರಿ. ಆದ್ರ ಯಾರೋ ನಿಮಗ ಸುಳ್ಳನ್ನ ಬಾಯಿಪಾಠ ಮಾಡಿಸ್ಯಾರ. ಯಾರು ಕಲಿಸಿದ್ರು?"

ಸ್ಕಾಟ್ಲೆಂಡಿನಲ್ಲಿ ಹತ್ತೊಂಬತ್ತು ವರ್ಷ ಇದ್ದವರು ಎಂದು ಹೇಳಲು ಹೊರಟವಳು, ಆ ಮಾತು ಗಂಟಲಿಗೆ ಬರುವಾಗಲೇ ಅದು ನಿಜವಲ್ಲ ಎಂದು ತಿಳಿದುಬಿಟ್ಟೆ. ಯಾರೂ ಹೇಳಬೇಕಾಗಿರಲಿಲ್ಲ. ನೆರೆಯವರು ಎಂದಷ್ಟೇ ಹೇಳಿದೆ.

ಮಂಗಳೂರು ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿ, ಕುಂಬಳೆಯಲ್ಲಿ ಇಳಿದು, ಬಸ್ಸು ಹಿಡಿದು ಬಂದವಳು ಮನೆಗೆ ಹೋಗಲಿಲ್ಲ. ಬ್ಯಾಗು ಹೆಗಲಲ್ಲಿರುವಾಗಲೇ ಪೊರ್ಬುಗಳ ಜಗಲಿ ಹತ್ತಿದೆ. ಬೆಳಗ್ಗಿನ ಹನ್ನೊಂದು ಗಂಟೆ ಇರಬಹುದು. ಅವರು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ಎಂತಾಯ್ತು?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿ, ಮತ್ತೆ ಬೀಜದ ಕಡೆ ಬಗ್ಗಿದರು.

"ಗೋವಾದವರಿಗೆ ಎಂತ ಗೊತ್ತುಂಟು? ಮೊನ್ನೆ ಮೊನ್ನೆ ಶುರು ಮಾಡಿದವರು."

"ಪೊರ್ಬುಗಳೇ, ಪೆಟ್ಟಿಗೆಯಲ್ಲಿ ಮೇಣ ತೆಗೆಯದ ಬಾಟಲಿ ಒಂದು ಉಂಟಲ್ಲ. ಅದನ್ನು ನನ್ನ ಎದುರು ತೆಗೀರಿ."

ಅವರು ಏಳಲಿಲ್ಲ. ಬೀಜದ ಸಿಪ್ಪೆಯನ್ನು ಉಗುರಿನಿಂದ ಕೆರೆಯುತ್ತಲೇ ಇದ್ದರು. ಒಳಗಿನಿಂದ ಬಾಯಮ್ಮ ಬಂದು ಬಾಗಿಲಲ್ಲಿ ನಿಂತರು. ಗಂಡನಿಗೆ ಕೊಂಕಣಿಯಲ್ಲಿ ಏನೋ ಒಂದು ಮಾತು ಹೇಳಿ, ಅವರು ತಲೆ ಎತ್ತದಿದ್ದಾಗ ನನ್ನ ಕಡೆ ತಿರುಗಿದರು.

"ಅದರಲ್ಲಿ ಎಂತ ಉಂಟೂಂತ ನಾನು ಹೇಳ್ತೇನೆ ಮಗಾ. ಸರ್ಕಾರಿ ಅಂಗಡಿಯ ಸ್ಟ್ರಾಂಗ್ ಬಿಯರು. ಅದರ ಗಾಳಿ ಹೋಗ್ಲಿಕ್ಕೆ ಒಂದು ದಿನ ಪಾತ್ರೆಯಲ್ಲಿ ಇಡುದು. ಮತ್ತೆ ವಿಸ್ಕಿ, ಸುಟ್ಟ ಬೆಲ್ಲ. ಕೊಪ್ಪರ ತುರಿದು ಬಟ್ಟೆಯಲ್ಲಿ ಕಟ್ಟಿ ಅದ್ದಿಸಿ ಇಡುವವಳು ನಾನೇ. ಬಾಯಿಗೆ ಹಾಕುವ ಮೇಣ ಇಗರ್ಜಿಯ ಮೋಂಬತ್ತಿದು."

"ಸ್ಕಾಟ್ಲೆಂಡ್?"

"ಅವರು ಸ್ಕಾಟ್ಲೆಂಡ್ ನೋಡ್ಲೇ ಇಲ್ಲ. ಬಹರೈನಿನಲ್ಲಿ ಒಂದು ಹೋಟೆಲಿನ ಬಾರಿನಲ್ಲಿ ಹತ್ತೊಂಬತ್ತು ವರ್ಷ ಗ್ಲಾಸು ತೊಳೆದದ್ದು."

ಆಗ ಪೊರ್ಬುಗಳು ಮಾತಾಡಿದರು. ನೆಲ ನೋಡಿಕೊಂಡೇ ಮಾತಾಡಿದರು.

"ಗ್ಲಾಸಿನ ಅಡಿಯಲ್ಲಿ ಸ್ವಲ್ಪ ಉಳಿತದಲ್ಲ. ತೊಳೆಯುವ ಮೊದಲು ನಾನು ಮೂಸ್ತಿದ್ದೆ. ದಿನಕ್ಕೆ ಇನ್ನೂರು, ಮುನ್ನೂರು ಗ್ಲಾಸು. ಯಾವ ಗ್ಲಾಸಿನಲ್ಲಿ ಎಂತ ಇತ್ತೂಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಅಲ್ಲಿ ಒಬ್ಬರು ಸ್ಕಾಟ್ಲೆಂಡಿನ ಮುದುಕ ಸಾಹೇಬರು ಇದ್ದರು, ಎರಡು ಸಲ ಅವರ ಊರಿನ ಏಲ್ ತರಿಸಿದ್ರು, ಬ್ಯಾರೆಲಿನದ್ದು. ಎರಡು ಸಲವೂ ಗ್ಲಾಸಿನ ಅಡಿಯಲ್ಲಿ ಇಷ್ಟು ಬಿಟ್ಟಿದ್ರು." ಹೆಬ್ಬೆರಳಿಗೆ ತೋರುಬೆರಳನ್ನು ಹತ್ತಿರ ತಂದು, ನೂಲಿನಷ್ಟು ಸಂದು ತೋರಿಸಿದರು. "ನಾನು ಕುಡಿದದ್ದು ಅಷ್ಟು. ನೆಲಮಾಳಿಗೆಯ ಕತೆ ಅವರು ಕೌಂಟರಿನಲ್ಲಿ ಹೇಳಿದ್ದು, ನಾನು ಹಿಂದಿನಿಂದ ಕೇಳಿದ್ದು."

"ನನಗೆ ಯಾಕೆ ಹೇಳಲಿಲ್ಲ?"

"ಗ್ಲಾಸು ತೊಳೆಯುವವ ಅಂತ ಗೊತ್ತಿದ್ರೆ ನೀನು ಕಲಿಲಿಕ್ಕೆ ಬರ್ತಿದ್ದೆಯಾ?"

"ಬರ್ತಿದ್ದೆ," ಎಂದೆ. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಆ ಹೊತ್ತು ನನ್ನನ್ನು ಸುಟ್ಟದ್ದು ಸ್ಕಾಟ್ಲೆಂಡ್ ಅಲ್ಲ. "ಕೆಲಸ ಬಿಡುವ ಮೊದಲು ನಿಮ್ಮ ಹತ್ತಿರ ಕೇಳಿದ್ದೆ. ಆಗ ಹೇಳಬಹುದಿತ್ತಲ್ಲ. ಅಮ್ಮನ ಎದುರು ಕೂತು ಮಾತು ಕೊಟ್ಟಿರಿ."

"ಬಸ್ಸಿನ ಹತ್ತಿರ ಹೇಳ್ಬೇಕೂಂತಲೇ ಬಂದದ್ದು. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. ನಿನ್ನ ಮೂಗಿಗೆ ಗೊತ್ತಾದೀತು, ಎದುರು ಅಸಲಿ ಬಂದಾಗ ಅದು ಹೇಳೀತು ಅಂತ ಗ್ರಹಿಸಿದೆ."

ಹೋಗುವುದಕ್ಕೆ ಎದ್ದಾಗ ಅವರು ಕ್ಷಮಿಸು ಎನ್ನುತ್ತಾರೆಂದು ಒಂದು ಕ್ಷಣ ಕಾದೆ. ಅವರು ಬೀಜದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು, ಅಷ್ಟೇ. ನೋಟುಪುಸ್ತಕವನ್ನು ಜಗಲಿಯ ದಂಡೆಯ ಮೇಲೆ ಇಟ್ಟು ಬಂದೆ.

ಐದು ತಿಂಗಳು ಮನೆಯಲ್ಲಿ ಕೂತೆ. ಅಮ್ಮ ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಬೀಡಿ ಎಲೆಯ ಮೊರವನ್ನು ನನ್ನ ಮುಂದೆ ಒಂದಿಷ್ಟು ಸರಿಸಿದರು, ನಾನೂ ಕಟ್ಟಿದೆ. ಊರಿನಲ್ಲಿ ಯಾರಿಗೂ ನಾನು ಏನೂ ಹೇಳಲಿಲ್ಲ. ಹೇಳಿದರೆ ನನ್ನ ಮರ್ಯಾದೆಯೂ ಹೋಗುತ್ತಿತ್ತು. ಒಂದೂವರೆ ವರ್ಷ ನಂಬಿ ಕೂತವಳು ನಾನು. ಪೊರ್ಬುಗಳು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಅವರ ಜಗಲಿಯಲ್ಲಿ ತುಪ್ಪ ತಂದವರು, ಜೇನು ತಂದವರು ಎಂದಿನಂತೆ ಕೂತಿರುತ್ತಿದ್ದರು.

ಆಮೇಲೆ ಬೆಳಗಾವಿಯ ಆ ಅಕ್ಕನೇ ಫೋನು ಮಾಡಿ ಕರೆದರು. ಪರೀಕ್ಷಕಳ ಕೆಲಸಕ್ಕಲ್ಲ, ಮಾದರಿ ಬಾಟಲಿಗಳಿಗೆ ಚೀಟಿ ಅಂಟಿಸಿ ಜೋಡಿಸಿಡುವ ಕೆಲಸಕ್ಕೆ. ಹೋದೆ. ಕಲಿಯುವುದಕ್ಕಿಂತ ಕಲಿತದ್ದನ್ನು ಬಿಡುವುದು ಕಷ್ಟ ಎಂದು ಅಲ್ಲಿ ಗೊತ್ತಾಯಿತು. ಅಸಲಿ ಏಲಿನ ಗ್ಲಾಸನ್ನು ಎತ್ತಿದಾಗಲೆಲ್ಲ ನನ್ನ ಮೂಗು ತಾನಾಗಿಯೇ ಸುಟ್ಟ ಬೆಲ್ಲವನ್ನು ಹುಡುಕುತ್ತಿತ್ತು. ಅದು ಸಿಗದಿದ್ದರೆ ಏನೋ ಕೊರತೆ ಅನ್ನಿಸುತ್ತಿತ್ತು. ಮೋಸದ ಗ್ಲಾಸು ಎದುರು ಬಂದರೆ ಮನೆಗೆ ಬಂದಂಥ ಸಮಾಧಾನ. ಒಬ್ಬ ಮನುಷ್ಯನ ಸುಳ್ಳು ನನ್ನ ಮೈಯೊಳಗೆ ಕೂತುಬಿಟ್ಟಿದೆ, ಅದನ್ನು ಸಿಟ್ಟಿನಿಂದಲೂ ಹೊರಗೆ ಹಾಕಲು ಆಗುವುದಿಲ್ಲ ಎಂದು ಒಂದು ದಿನ ಬಚ್ಚಲಲ್ಲಿ ನಿಂತು ಅತ್ತೆ. ಹತ್ತು ತಿಂಗಳು ಬೇಕಾಯಿತು. ಹನ್ನೊಂದನೆಯ ತಿಂಗಳು ಅಕ್ಕ ಮತ್ತೆ ಐದು ಗ್ಲಾಸು ಇಟ್ಟರು. ಆ ಸಲ ತಪ್ಪಲಿಲ್ಲ. ಮರುವಾರ ಪರೀಕ್ಷಕರ ಮೇಜಿನಲ್ಲಿ ನನಗೆ ಒಂದು ಕುರ್ಚಿ ಸಿಕ್ಕಿತು.

ಪೊರ್ಬುಗಳಿಗೆ ಹುಷಾರಿಲ್ಲ, ಎದೆಯಲ್ಲಿ ನೀರು ತುಂಬುತ್ತದೆ, ನಿನ್ನನ್ನು ಕೇಳುತ್ತಾರೆ ಎಂದು ಬಾಯಮ್ಮ ಅಮ್ಮನ ಮೂಲಕ ಹೇಳಿಕಳಿಸಿದರು. ಊರಿಗೆ ಹೋಗುವಾಗ ಔಷಧಿಯ ಸೀಸೆಯಷ್ಟು ಸಣ್ಣ ಮಾದರಿ ಬಾಟಲಿಯೊಂದನ್ನು ಬಟ್ಟೆಯ ನಡುವೆ ಇಟ್ಟುಕೊಂಡೆ. ನಮ್ಮ ಎರಡು ವರ್ಷದ ಪೀಪಾಯಿಯ ಏಲ್, ನಾನು ಹಾಳಾಗಿದೆ ಎಂದು ಬರೆದಿದ್ದಂಥದ್ದೇ. ಪ್ರೀತಿಯಿಂದ ಒಯ್ದದ್ದಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಇದು ಅಸಲಿ, ನೋಡಿ, ನೀವು ನನಗೆ ಕೊಟ್ಟದ್ದು ಏನು ಎಂದು ಗೊತ್ತಾಗಲಿ ಎಂದು ಅವರಿಗೆ ತೋರಿಸಬೇಕಿತ್ತು.

ಮಂಚದಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. ಮೂಗು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ನಾನು ಗ್ಲಾಸಿಗೆ ಎರಡು ಚಮಚ ಹಾಕಿ ಕೊಟ್ಟೆ. ಬಾಯಮ್ಮ ತಡೆಯಲಿಲ್ಲ. ಅವರು ಎರಡೂ ಕೈಯಿಂದ ಗ್ಲಾಸು ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದರು. ಆಮೇಲೆ ತುಟಿಗೆ ತಾಗಿಸಿದರು.

"ಒದ್ದೆ ಹಗ್ಗ," ಎಂದರು. "ಖರ್ಜೂರ, ಎರಡು ದಿನದ್ದು. ಹುಣಸೆ ಇಡ್ತಾರಲ್ಲ, ಆ ಭರಣಿಯ ಅಡಿ. ವಿಸ್ಕಿ ಉಂಟು, ಆದ್ರೆ ಬಾಗಿಲಿನ ಹಿಂದೆ ನಿಂತಿದೆ." ಮತ್ತೊಮ್ಮೆ ಮೂಸಿದರು. "ಕೊಪ್ಪರ ಅಲ್ಲ ಇದು. ಕೊಪ್ಪರ ಒಣಗಿಸಿದ ಚಾಪೆ."

ಆ ಕೊನೆಯ ವಾಸನೆಗೆ ನಮ್ಮ ಮೇಜಿನಲ್ಲಿ ಆರು ಮಂದಿ ಸೇರಿ ಮೂರು ವಾರದಿಂದ ಹೆಸರು ಹುಡುಕುತ್ತಿದ್ದೆವು. ಸಿಕ್ಕಿರಲಿಲ್ಲ. ಅವರು ಹೇಳಿದ ಕೂಡಲೇ ನನ್ನ ಮೂಗಿಗೆ ಅದು ಸ್ಪಷ್ಟವಾಗಿ ಬಂತು: ಬಿಸಿಲಲ್ಲಿ ಹಾಸಿ, ಸಂಜೆ ಕೊಡವಿ ಸುತ್ತಿಟ್ಟ ಚಾಪೆ.

ಗ್ಲಾಸನ್ನು ನನಗೆ ವಾಪಸು ಕೊಡುತ್ತಾ ಅವರು, "ನಾನು ಬೆಲ್ಲ ಹಾಕ್ಬಾರ್ದಿತ್ತು," ಎಂದರು.

ಇಷ್ಟು ವರ್ಷದಲ್ಲಿ ತಪ್ಪೊಪ್ಪಿಗೆಯ ಹಾಗೆ ಅವರ ಬಾಯಿಂದ ಬಂದದ್ದು ಅದೊಂದೇ ಮಾತು. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅಸಲಿ ಯಾವುದು ಎಂದು ಗೊತ್ತಿಲ್ಲದೆ ಕೊಟ್ಟಿದ್ದರೆ ಪಾಪ, ತಿಳಿಯದವರು ಎಂದು ಬಿಡಬಹುದಿತ್ತು. ಎರಡು ಗುಟುಕನ್ನು ಇಪ್ಪತ್ತು ವರ್ಷ ನೆನಪಿಟ್ಟುಕೊಂಡ ಮನುಷ್ಯ ಅವರು. ಪ್ರತಿ ಭಾನುವಾರ ನನ್ನ ಗ್ಲಾಸಿಗೆ ಸುರಿಯುವಾಗ, ಇದು ಅದಲ್ಲ ಎಂದು ಅವರ ಮೂಗು ಅವರಿಗೆ ಹೇಳಿಯೇ ಇರಬೇಕು. ಕೇಳಿಸಿಕೊಂಡೂ ಸುರಿದಿದ್ದರು. ನಾನು ಗ್ಲಾಸು ತೊಳೆದಿಟ್ಟು, ಬರ್ತೇನೆ ಎಂದು ಹೇಳಿ ಬಂದೆ. ಅವರು ತಲೆಯಾಡಿಸಿದರು. ಅದಾಗಿ ಮೂರು ವಾರಕ್ಕೆ ಹೋದರು.

ಮಣ್ಣಿಗೆ ಹಾಕುವ ದಿನ ಬೆಳಿಗ್ಗೆ ತಲುಪಿದೆ. ಕನ್ನಡ ಪತ್ರಿಕೆಗೆ ನಿಧನ ವಾರ್ತೆ ಬರೆದುಕೊಡುವ ಕೆಲಸ ನನ್ನ ಮೇಲೆ ಬಿತ್ತು, ಅಕ್ಷರ ಚೆನ್ನಾಗಿದೆ ಎಂದು. ಪೊರ್ಬುಗಳ ಅಳಿಯ, ಒಬ್ಬಳೇ ಮಗಳ ಗಂಡ, ಪಕ್ಕದಲ್ಲಿ ನಿಂತು, "ಸ್ಕಾಟ್ಲೆಂಡಿನ ಪ್ರಸಿದ್ಧ ಕಾರ್ಖಾನೆಯಲ್ಲಿ ರುಚಿ ಪರೀಕ್ಷಕರಾಗಿದ್ದರು ಅಂತ ಹಾಕು," ಎಂದರು. ನಾನು ಪೆನ್ನು ಹಿಡಿದು ಬಾಯಮ್ಮನ ಕಡೆ ನೋಡಿದೆ. ಅವರು ಅತ್ತು ಅತ್ತು ಸುಸ್ತಾಗಿದ್ದರು.

"ನಿನಗೆ ಸರಿ ಕಂಡದ್ದು ಬರಿ," ಎಂದರು.

ಬಹರೈನಿನಲ್ಲಿ ಹತ್ತೊಂಬತ್ತು ವರ್ಷ ಹೋಟೆಲ್ ಉದ್ಯೋಗಿಯಾಗಿದ್ದರು ಎಂದು ಬರೆದೆ. ಮೃತರು ಪತ್ನಿ, ಪುತ್ರಿ ಹಾಗೂ ಅಪಾರ ಬಂಧುಮಿತ್ರರನ್ನು ಅಗಲಿದ್ದಾರೆ ಎಂದು ಮುಗಿಸಿದೆ. ಅಳಿಯ ಓದಿ ಮುಖ ಕಪ್ಪಗೆ ಮಾಡಿದರು. "ಇಡೀ ಊರಿಗೆ ಗೊತ್ತಿರುದು ಬೇರೆ. ನಾಳೆ ಜನ ಎಂತ ಹೇಳ್ಲಿಕ್ಕಿಲ್ಲ?"

ಬಾಯಮ್ಮ ಕೈ ಚಾಚಿ ಕಾಗದವನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಇರಲಿ. ಸತ್ಯ ಒಂದು ಕಡೆಯಲ್ಲಾದ್ರೂ ಇರಲಿ," ಎಂದು, ನನ್ನ ಪೆನ್ನು ಕೇಳಿ ಪಡೆದು ಏನೋ ತಿದ್ದಿ, ಮಡಚಿ ಅಳಿಯನ ಕೈಗೆ ಕೊಟ್ಟರು. ಹೆಸರಿನ ಸ್ಪೆಲ್ಲಿಂಗು ತಪ್ಪಾಗಿರಬೇಕು ಎಂದುಕೊಂಡೆ.

ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಬಂತು. ರೈಲು ಹಿಡಿಯುವ ಮೊದಲು ಕುಂಬಳೆಯ ಅಂಗಡಿಯಲ್ಲಿ ಕೊಂಡು, ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಓದಿದೆ. ನಾಲ್ಕು ಸಾಲು. ಮೃತರು ಪತ್ನಿ, ಪುತ್ರಿ, ಓರ್ವ ಶಿಷ್ಯೆ ಹಾಗೂ ಅಪಾರ ಬಂಧುಮಿತ್ರರನ್ನು ಅಗಲಿದ್ದಾರೆ ಎಂದಿತ್ತು.

ಆ ಶಬ್ದ ನಾನು ಬರೆದದ್ದಲ್ಲ. ಯಾರಾದರೂ ಕೇಳಿದರೆ ಅದು ಸುಳ್ಳು ಎಂದು ಹೇಳಲಿಕ್ಕೂ ನನ್ನಿಂದ ಆಗುವುದಿಲ್ಲ. ಅದನ್ನು ಕತ್ತರಿಸಿ ಇಟ್ಟುಕೊಳ್ಳಲಿಲ್ಲ. ಪತ್ರಿಕೆಯನ್ನು ಬೆಂಚಿನ ಮೇಲೆ ಬಿಟ್ಟು ರೈಲು ಹತ್ತಿದೆ.